ಆ ಮನುಷ್ಯನ ಮಂಡಿ ಎಲ್ಲಿ? ವ್ಯಾನ್ ಗೋಗೆ ಬಂದ ಒಂದು ಖಾರದ ಪತ್ರ

1885ರ ಮೇ 24ರಂದು ಆಂಟನ್ ವ್ಯಾನ್ ರಪ್ಪಾರ್ಡ್ ಎಂಬ ಡಚ್ ಚಿತ್ರಕಾರ ತನ್ನ ಗೆಳೆಯನಿಗೆ ಒಂದು ಪತ್ರ ಬರೆದ. ಗೆಳೆಯ ಕಳಿಸಿದ್ದ ಲಿಥೋಗ್ರಾಫ್, ಅಂದರೆ ಕಲ್ಲಚ್ಚಿನ ಚಿತ್ರ, ಅವನ ಮುಂದಿತ್ತು. ಐದು ಜನ ಒಂದೇ ದೀಪದ ಕೆಳಗೆ ಕೂತು ಆಲೂಗಡ್ಡೆ ತಿನ್ನುತ್ತಿರುವ ಚಿತ್ರ. ಪತ್ರದ ತುಂಬ ಪ್ರಶ್ನೆಗಳು. ಬಲಗಡೆ ಕೂತವನಿಗೆ ಮಂಡಿ, ಹೊಟ್ಟೆ, ಶ್ವಾಸಕೋಶ ಯಾಕಿಲ್ಲ? ಅವೆಲ್ಲ ಬೆನ್ನಿನಲ್ಲಿವೆಯೋ? ಅವನ ತೋಳು ಒಂದು ಮೀಟರ್ ಗಿಡ್ಡ ಯಾಕೆ? ಅರ್ಧ ಮೂಗು ಎಲ್ಲಿ ಹೋಯಿತು? ಎಡಗಡೆಯ ಹೆಂಗಸಿನ ಮೂಗು ಯಾಕೆ ಕೊಳವೆಯ ತುದಿಗೆ ಚೌಕದ ತುಂಡು ಅಂಟಿಸಿದ ಹಾಗಿದೆ? ಹಿಂದೆ ಕೂತವಳ ಆ ವೈಯಾರದ ಕೈ ಎಷ್ಟು ಸುಳ್ಳು! ಆ ಕಾಫಿ ಪಾತ್ರೆ ಮೇಜಿನ ಮೇಲೂ ನಿಂತಿಲ್ಲ, ಕೈಯಲ್ಲೂ ಇಲ್ಲ, ಹಾಗಾದರೆ ಅದು ಅಲ್ಲಿ ಏನು ಮಾಡುತ್ತಿದೆ? ಇಂಥ ಕೆಲಸ ಮಾಡಿ, ರೈತರ ಬದುಕನ್ನು ಬರೆದು ಹೆಸರಾದ ಮಿಲೆ, ಬ್ರೆತೊನ್ ಅಂಥ ಚಿತ್ರಕಾರರ ಹೆಸರು ಎತ್ತುವ ಧೈರ್ಯವೇ? ಕಲೆಯನ್ನು ಇಷ್ಟು ಹಗುರವಾಗಿ ತಗೊಳ್ಳಬಾರದು.

ಆ ಗೆಳೆಯ ವಿನ್ಸೆಂಟ್ ವ್ಯಾನ್ ಗೋ. ಆಗ ಅವನಿಗೆ 32 ವರ್ಷ. ಪತ್ರ ಓದಿದವನೇ ಅದನ್ನು ಹಾಗೇ ವಾಪಸು ಕಳಿಸಿಬಿಟ್ಟ. ಜೊತೆಗೆ ಬರೆದದ್ದು ಒಂದೆರಡು ಸಾಲು ಮಾತ್ರ. ನಿನ್ನ ಪತ್ರ ಬಂತು, ಆಶ್ಚರ್ಯವಾಯಿತು, ಇಗೋ ವಾಪಸು.

ನಾನು ಕೆಲವು ವರ್ಷಗಳಿಂದ ಫಿಗರ್ ಡ್ರಾಯಿಂಗ್, ಅಂದರೆ ಮನುಷ್ಯರ ದೇಹವನ್ನು ನೋಡಿ ಬರೆಯುವುದು, ಕಲಿಯುತ್ತಿದ್ದೇನೆ. ವಾರಕ್ಕೊಮ್ಮೆ ನಾಲ್ಕೈದು ಜನ ಸೇರುತ್ತೇವೆ. ಒಬ್ಬರು ಕೂರುತ್ತಾರೆ, ಉಳಿದವರು ಬರೆಯುತ್ತೇವೆ, ಆಮೇಲೆ ಹಾಳೆಗಳನ್ನು ಗೋಡೆಗೆ ಒರಗಿಸಿ ಮಾತಾಡುತ್ತೇವೆ. ಆ ಮಾತಿನ ಹೊತ್ತಿನಲ್ಲಿ ನನಗೆ ಈ ಪತ್ರ ಎಷ್ಟು ಸಲ ನೆನಪಾಗಿದೆಯೋ ಲೆಕ್ಕವಿಲ್ಲ. ಕಲಿಕೆಯ ಬಗ್ಗೆ ಕೇಳಿಬರುವ ಕಥೆಗಳಲ್ಲಿ ಸಾಮಾನ್ಯವಾಗಿ ಒಂದು ತುದಿ ಮಾತ್ರ ಸಿಗುತ್ತದೆ. ಇಲ್ಲಿ ಎಲ್ಲವೂ ಇದೆ. ಟೀಕೆಗೆ ಮೊದಲಿನ ಚಿತ್ರಗಳಿವೆ, ಟೀಕೆ ಇದೆ, ಆಮೇಲಿನ ಚಿತ್ರಗಳೂ ಇವೆ. ನಡುನಡುವೆ ಅವನು ತಮ್ಮ ಥಿಯೋಗೆ ಬರೆದ ಪತ್ರಗಳಿವೆ. ಒಂದರ ಪಕ್ಕ ಒಂದಿಟ್ಟು ನೋಡಬಹುದು. ಹಾಗೆ ನೋಡಿದಾಗ ನನಗೆ ಕಂಡದ್ದು ಇದು: ವಿನ್ಸೆಂಟ್‌ನ ಬಾಯಿ ಆ ಟೀಕೆಯನ್ನು ಒಪ್ಪಲಿಲ್ಲ. ಕೈ ಒಪ್ಪಿತು.

ಕಿಟಕಿಯ ಮೂಲಕ ನೋಡುವುದು

ವ್ಯಾನ್ ಗೋ ಅಂದ ಕೂಡಲೇ ಸೂರ್ಯಕಾಂತಿ ಹೂವು, ಸುಳಿಯುವ ಆಕಾಶ ನೆನಪಾಗುತ್ತದೆ. ಹುಟ್ಟಾ ಕೈ ಬಂದವನು ಅಂತ ನಾವು ಅಂದುಕೊಂಡುಬಿಡುತ್ತೇವೆ. ಅವನ ಮೊದಲ ವರ್ಷಗಳ ಚಿತ್ರ ನೋಡಿದವರು ಹಾಗನ್ನುವುದಿಲ್ಲ. ಮರಗಟ್ಟಿದ ದೇಹಗಳು, ದೊಡ್ಡ ತಲೆ, ನೆಲಕ್ಕೆ ತಾಗದ ಪಾದ. ನಮ್ಮ ನಿಮ್ಮಂಥ ಕಲಿಯುವವರ ಹಾಳೆಯ ಹಾಗೇ ಇವೆ.

ಚಿತ್ರಕಾರನಾಗಬೇಕು ಎಂದು ಅವನು ತೀರ್ಮಾನಿಸಿದ್ದು 1880ರಲ್ಲಿ, 27ನೇ ವಯಸ್ಸಿನಲ್ಲಿ. ಆಗ ಬೆಲ್ಜಿಯಂನ ಬೊರಿನಾಜ್ ಎಂಬ ಕಲ್ಲಿದ್ದಲು ಗಣಿಯ ಸೀಮೆಯಲ್ಲಿದ್ದ. ಧರ್ಮಪ್ರಚಾರದ ಕೆಲಸ ಕೈತಪ್ಪಿತ್ತು. ಹೇಳಿಕೊಡುವವರು ಯಾರೂ ಇರಲಿಲ್ಲ. ಹಿಂದೆ ಗುಪಿಲ್ ಎಂಬ ಕಲಾ ವ್ಯಾಪಾರದ ಸಂಸ್ಥೆಯಲ್ಲಿ ಕೆಲಸ ಮಾಡಿದ್ದನಲ್ಲ, ಅಲ್ಲಿನ ಪರಿಚಯ ಹಿಡಿದು ಶಾರ್ಲ್ ಬಾರ್ಗ್ ಎಂಬಾತ ಸಿದ್ಧಪಡಿಸಿದ್ದ ಅಭ್ಯಾಸದ ಹಾಳೆಗಳನ್ನು ಎರವಲು ತರಿಸಿಕೊಂಡ. ಅದರಲ್ಲಿ ಇದ್ದಿಲಿನ ಅಭ್ಯಾಸಕ್ಕೆಂದೇ 60 ಹಾಳೆಗಳ ಒಂದು ಕಟ್ಟು ಇತ್ತು. ಬೆತ್ತಲೆ ದೇಹಗಳ ಹೊರಗೆರೆ. ಅರವತ್ತನ್ನೂ ನಕಲು ಮಾಡಿದ. ಮುಗಿಸಿ ಮತ್ತೆ ಮೊದಲಿನಿಂದ ಮಾಡಿದ.

ನಕಲು ಅಂದರೆ ಕೀಳು ಕೆಲಸ ಅನ್ನುವವರಿದ್ದಾರೆ. ಕಲಿಯುವವನಿಗೆ ಅದು ಮೊದಲ ಕನ್ನಡಿ. ಮೂಲ ಪಕ್ಕದಲ್ಲೇ ಇರುತ್ತದೆ, ಅಲುಗಾಡುವುದಿಲ್ಲ, ನೀವು ಬರೆದದ್ದೂ ಅಲುಗಾಡುವುದಿಲ್ಲ. ಭುಜದಿಂದ ಸೊಂಟಕ್ಕೆ ಎಷ್ಟು ದೂರ ಅಂತ ಕಡ್ಡಿ ಹಿಡಿದು ಎರಡರಲ್ಲೂ ಅಳೆಯಬಹುದು. ತಪ್ಪು ಎಲ್ಲಿ ಅಂತ ಇನ್ನೊಬ್ಬರು ಹೇಳಬೇಕಿಲ್ಲ.

ಜೀವಂತ ಮನುಷ್ಯ ಎದುರು ಬಂದಾಗ ಈ ಅನುಕೂಲ ಹೋಗುತ್ತದೆ. 1881ರಲ್ಲಿ ಅಪ್ಪ ಅಮ್ಮನ ಜೊತೆ ಎಟ್ಟನ್ ಹಳ್ಳಿಯಲ್ಲಿದ್ದಾಗ ಅವನು ರೈತರನ್ನು ನಿಲ್ಲಿಸಿ ಬರೆಯತೊಡಗಿದ. ನೆಲ ಅಗೆಯುವವನು, ಬೀಜ ಬಿತ್ತುವವನು, ಒಲೆಯ ಮುಂದೆ ಕೂತವಳು. ಆಮೇಲೆ ಹೇಗ್ ನಗರಕ್ಕೆ ಹೋದ. ಅಲ್ಲಿ ಅವನ ಸಂಬಂಧಿಕ, ಹೆಸರಾಂತ ಚಿತ್ರಕಾರ ಆಂಟನ್ ಮೋವ್, ಮೊದಮೊದಲು ಪ್ರೀತಿಯಿಂದ ಹೇಳಿಕೊಟ್ಟ. ಆದರೆ ಪ್ಲಾಸ್ಟರ್ ಅಚ್ಚುಗಳನ್ನು ನೋಡಿ ಬರೆ ಅಂದದ್ದೇ ತಡ, ಜಗಳವಾಯಿತು. ವಿನ್ಸೆಂಟ್‌ಗೆ ಜೀವ ಇರುವ ಕೈಕಾಲು ಬೇಕಿತ್ತು. ಮನೆಗೆ ಹೋಗಿ ಆ ಅಚ್ಚುಗಳನ್ನು ಕಲ್ಲಿದ್ದಲಿನ ಡಬ್ಬಕ್ಕೆ ಎಸೆದ. ಅವು ಒಡೆದುಹೋದವು. ಈ ಜಗಳದಲ್ಲಿ ನಾನು ಮೋವ್‌ನ ಕಡೆ. ಪ್ಲಾಸ್ಟರ್ ಪಾದ ಉಸಿರಾಡುವುದಿಲ್ಲ, ನಿಜ. ಆದರೆ ನಾಳೆ ಬೆಳಿಗ್ಗೆಯೂ ಅದೇ ಬೆಳಕಿನಲ್ಲಿ ಅಲ್ಲೇ ಇರುತ್ತದೆ. ನಿನ್ನೆ ಬರೆದದ್ದನ್ನು ಇವತ್ತು ಅದರ ಜೊತೆ ಹೋಲಿಸಿ ನೋಡಬಹುದು. ಆ ಅವಕಾಶವನ್ನೇ ಅವನು ಒಡೆದುಹಾಕಿದ.

ಅದೇ ಮನುಷ್ಯ ಅದೇ ವರ್ಷ, 1882ರಲ್ಲಿ, ಇನ್ನೊಂದು ಸಾಧನಕ್ಕೆ ಕಷ್ಟಪಟ್ಟು ದುಡ್ಡು ಹೊಂದಿಸಿದ. ಮರದ ಒಂದು ಚೌಕಟ್ಟು. ಅದರಲ್ಲಿ ನಿಲುವಾಗಿ, ಅಡ್ಡವಾಗಿ, ಮೂಲೆಯಿಂದ ಮೂಲೆಗೆ ಎಳೆದ ದಾರಗಳು. ಎರಡು ಉದ್ದನೆಯ ಕಾಲುಗಳಿಗೆ ಅದನ್ನು ಗೂಟದಿಂದ ಸಿಕ್ಕಿಸಬಹುದು, ಬೇಕಾದ ಎತ್ತರಕ್ಕೆ ಏರಿಸಬಹುದು, ಇಳಿಸಬಹುದು. ಕಮ್ಮಾರ, ಬಡಗಿ ಇಬ್ಬರ ಕೈಯಲ್ಲೂ ಕೆಲಸ ಮಾಡಿಸಿದ. ಸಮುದ್ರದ ದಂಡೆಯ ಮರಳಿನಲ್ಲಿ ಅದನ್ನು ನೆಟ್ಟುಕೊಂಡು ನಿಂತ ಚಿತ್ರವನ್ನು ಥಿಯೋಗೆ ಬರೆದು ಕಳಿಸಿದ. ಕಿಟಕಿಯಿಂದ ನೋಡಿದ ಹಾಗೆ ಕಾಣುತ್ತದೆ ಅಂತ ಸಂತೋಷಪಟ್ಟ. ಬಹಳ ದಿನ ಅಭ್ಯಾಸ ಮಾಡಿದರೆ ಮಾತ್ರ ಇದರಿಂದ ಮಿಂಚಿನ ವೇಗದಲ್ಲಿ ಬರೆಯಬಹುದು ಅಂತಲೂ ಹೇಳಿದ.

ಆ ದಾರಗಳ ಕೆಲಸ ಏನು ಅಂತ ಸ್ವಲ್ಪ ಹೇಳಬೇಕು. ಗಾರೆ ಕೆಲಸದವರು ಗೋಡೆಗೆ ತೂಕದ ಗುಂಡು ಇಳಿಬಿಡುತ್ತಾರಲ್ಲ, ಅದೇ ಕೆಲಸ. ಕಣ್ಣಿಗೆ ಗೋಡೆ ನೆಟ್ಟಗೆ ಕಂಡರೂ ಗುಂಡು ಸುಳ್ಳು ಹೇಳುವುದಿಲ್ಲ. ಎದುರಿಗೆ ನಿಂತವನ ಕತ್ತಿನ ಗುಳಿಯಿಂದ ನೇರ ಕೆಳಗೆ ಒಂದು ಗೆರೆ ಇಳಿಸಿದರೆ ಅದು ಎಲ್ಲಿ ಬೀಳುತ್ತದೆ? ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದರೆ ಆ ಕಾಲಿನ ಹಿಮ್ಮಡಿಯ ಹತ್ತಿರ ಬೀಳಬೇಕು. ನಿಮ್ಮ ಹಾಳೆಯಲ್ಲಿ ಅದು ಎರಡು ಪಾದಗಳ ನಡುವೆ ಬಿದ್ದರೆ ಆ ಮನುಷ್ಯ ನಿಂತಿಲ್ಲ, ತೇಲುತ್ತಿದ್ದಾನೆ. ಇದನ್ನು ಕಂಡುಹಿಡಿಯಲು ಗುರು ಬೇಡ, ಪ್ರತಿಭೆಯೂ ಬೇಡ. ಒಂದು ದಾರ ಸಾಕು.

ಒಂದೇ ದಿನದ ಕಲ್ಲು

1883ರ ಡಿಸೆಂಬರ್‌ನಿಂದ ವಿನ್ಸೆಂಟ್ ನ್ಯೂನೆನ್ ಹಳ್ಳಿಯಲ್ಲಿದ್ದ. ಮುಂದಿನ ವರ್ಷದ ಚಳಿಗಾಲದಲ್ಲಿ ರೈತರ 50 ತಲೆಗಳನ್ನು ಬರೆಯುತ್ತೇನೆ ಅಂತ ಗುರಿ ಇಟ್ಟುಕೊಂಡ. ದೀಪದ ಬೆಳಕಿನಲ್ಲಿ, ಕಿಟಕಿಗೆ ಬೆನ್ನು ಮಾಡಿದವರು, ಟೋಪಿ ಹಾಕಿದವರು. ಕೈಗಳನ್ನೂ ಬರೆದ, ರಾಶಿ ರಾಶಿ. ಆ ತಲೆಗಳಲ್ಲಿ ಎಷ್ಟೋ ಈಗಲೂ ನೋಡಿದರೆ ಮೈ ನವಿರೇಳುತ್ತದೆ. ಆದರೆ ಒಂದು ಮಾತು. ತಲೆ ಬೇರೆ, ಕೈ ಬೇರೆ ಅಭ್ಯಾಸ ಮಾಡಿದವನಿಗೆ ಅವೆರಡರ ನಡುವೆ ಇರುವ ಮುಂಡದ ಅಭ್ಯಾಸ ತಾನಾಗಿ ಬರುವುದಿಲ್ಲ. ನಮ್ಮ ಗುಂಪಿನಲ್ಲಿ ಕೂಡ ಎಲ್ಲರ ಮುಖ ಚೆನ್ನಾಗಿ ಬರುತ್ತದೆ. ಅಂಗಿಯ ಒಳಗೆ ಏನಿದೆ ಅಂತ ಕೇಳಿದರೆ ಸುಮ್ಮನಾಗುತ್ತೇವೆ.

1885ರ ಮಾರ್ಚ್ 26ರಂದು ಅವನ ಅಪ್ಪ ಇದ್ದಕ್ಕಿದ್ದಂತೆ ತೀರಿಕೊಂಡರು. ಅದರ ಬೆನ್ನಿಗೇ, ಏಪ್ರಿಲ್‌ನಲ್ಲಿ, ಅವನು ಆಲೂಗಡ್ಡೆ ತಿನ್ನುವ ಕುಟುಂಬದ ದೊಡ್ಡ ಚಿತ್ರಕ್ಕೆ ಕೈ ಹಾಕಿದ್ದ. ಮೊದಲು ಸಣ್ಣ ಕರಡು, ಆಮೇಲೆ ಇನ್ನೊಂದು ದೊಡ್ಡ ಕರಡು. ಅದು ಮುಗಿದ ಮೇಲೆ, ಕೊನೆಯ ಚಿತ್ರಕ್ಕೆ ಮೊದಲು, ಒಂದು ಕಲ್ಲಚ್ಚು ಮಾಡೋಣ ಅನ್ನಿಸಿತು. ಹತ್ತಿರದ ಐಂಧೋವನ್ ಊರಿನ ಮುದ್ರಕನ ಹತ್ತಿರ ಹೋದ. ನೆನಪಿನಿಂದಲೇ ನೇರ ಕಲ್ಲಿನ ಮೇಲೆ ಬರೆದ. ಒಂದೇ ದಿನದಲ್ಲಿ ಮುಗಿಸಿದ.

ಕಲ್ಲಿನಿಂದ ಕಾಗದಕ್ಕೆ ಬಂದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಆಮ್‌ಸ್ಟರ್‌ಡಾಮ್‌ನ ವ್ಯಾನ್ ಗೋ ಮ್ಯೂಸಿಯಂನಲ್ಲಿರುವ ಬಣ್ಣದ ಚಿತ್ರದಲ್ಲಿ ಕಾಫಿ ಸುರಿಯುವವಳು ಬಲಗಡೆ ಇದ್ದಾಳೆ. ಕಲ್ಲಚ್ಚಿನಲ್ಲಿ ಎಡಗಡೆ. ಹಾಗಾಗಿ ರಪ್ಪಾರ್ಡ್ ಬೈದ ಬಲಗಡೆಯ ಗಂಡಸು ಬಣ್ಣದ ಚಿತ್ರದಲ್ಲಿ ಎಡಗಡೆ ಕೂತ ಯುವಕ. ಪತ್ರ ಓದಿ ಬಣ್ಣದ ಚಿತ್ರ ನೋಡುವವರು ಇಲ್ಲಿ ಎಡವುತ್ತಾರೆ. ನಾನೂ ಮೊದಲು ಬೇರೆಯವನ ತೋಳು ನೋಡಿ ತಲೆ ಕೆರೆದುಕೊಂಡಿದ್ದೆ.

ಈ ಪ್ರಕರಣದ ಗಂಟು ನನ್ನ ಪ್ರಕಾರ ಇಲ್ಲೇ ಇದೆ. ಐದು ವರ್ಷ ಕಟ್ಟಿಕೊಂಡ ಎಲ್ಲ ಪರೀಕ್ಷೆಗಳನ್ನೂ ಆ ಒಂದು ದಿನ ಅವನು ಬದಿಗಿಟ್ಟ. ಎದುರಿಗೆ ಮನುಷ್ಯರಿಲ್ಲ. ದಾರದ ಚೌಕಟ್ಟಿಲ್ಲ. ರಾತ್ರಿ ಮಲಗಿ ಬೆಳಿಗ್ಗೆ ಹೊಸ ಕಣ್ಣಿನಿಂದ ನೋಡುವ ಸಮಯವಿಲ್ಲ. ಕಲ್ಲಿನ ಮೇಲಿನ ಗೆರೆ ತಿದ್ದುವುದು ಕಾಗದದಷ್ಟು ಸುಲಭವೂ ಅಲ್ಲ. ನೆನಪಿನಿಂದ ಬರೆಯುವುದು ತಪ್ಪಲ್ಲ, ಅದೊಂದು ದೊಡ್ಡ ಅಭ್ಯಾಸ. ಆದರೆ ನೆನಪಿನಿಂದ ಬರೆದದ್ದನ್ನು ಆಮೇಲೆ ಮಾಡೆಲ್ ಎದುರು ಹಿಡಿದು ನೋಡಬೇಕಿತ್ತು. ಹಾಗೆ ಮಾಡದೆ ಗೆಳೆಯರಿಗೆ ಹಂಚಿದ. ರಪ್ಪಾರ್ಡ್‌ಗೆ ಸಿಕ್ಕಿದ್ದು ಆ ಹಾಳೆ. ಬಣ್ಣದ ಚಿತ್ರವನ್ನು ಅವನು ಕಂಡಿರಲಿಲ್ಲ.

ಪ್ರಶ್ನೆಗಳನ್ನು ಒಂದೊಂದಾಗಿ

ರಪ್ಪಾರ್ಡ್ ವಿನ್ಸೆಂಟ್‌ಗಿಂತ ಐದು ವರ್ಷ ಚಿಕ್ಕವನು. ಅಕಾಡೆಮಿಯಲ್ಲಿ ಕಲಿತವನು. ಇಬ್ಬರೂ 1880ರಿಂದ ಪರಸ್ಪರ ಚಿತ್ರ ತೋರಿಸಿಕೊಂಡು, ಇಂಗ್ಲಿಷ್ ಪತ್ರಿಕೆಗಳ ಮರದಚ್ಚಿನ ಚಿತ್ರಗಳನ್ನು ಕೂಡಿಟ್ಟುಕೊಂಡು ಬಂದವರು. ಅವನ ಪತ್ರದ ದನಿಯನ್ನು ನಾನು ಸಮರ್ಥಿಸುವುದಿಲ್ಲ. ವಿನ್ಸೆಂಟ್‌ನ ಅಪ್ಪ ಸತ್ತು ಎರಡು ತಿಂಗಳಾಗಿತ್ತು. ಆದರೆ ಪ್ರಶ್ನೆಗಳನ್ನು ದನಿಯಿಂದ ಬಿಡಿಸಿ ನೋಡಿದರೆ ಅವು ಅಪ್ಪಟ ಚಿನ್ನ.

ಮಂಡಿ, ಹೊಟ್ಟೆ, ಶ್ವಾಸಕೋಶ ಎಲ್ಲಿ ಅನ್ನುವುದನ್ನೇ ತಗೊಳ್ಳಿ. ಇದು ಅಂಗಗಳ ಹೆಸರು ಗೊತ್ತಾ ಅನ್ನುವ ಪರೀಕ್ಷೆಯಲ್ಲ. ಕೂತ ಮನುಷ್ಯನ ದೇಹಕ್ಕೆ ದಪ್ಪ ಇದೆಯಾ ಅಂತ ಕೇಳುತ್ತಿದೆ. ಪಕ್ಕದಿಂದ ಕಾಣುವ ದೇಹವನ್ನು ನಾವು ಬೆನ್ನಿನ ಗೆರೆಯಿಂದ ಶುರು ಮಾಡುತ್ತೇವೆ. ಬೆನ್ನು ಬಾಗಿ ಚೆನ್ನಾಗಿ ಬಂದ ಖುಷಿಯಲ್ಲಿ ಮುಂದಿನ ಭಾಗಕ್ಕೆ ಜಾಗ ಬಿಡುವುದಿಲ್ಲ. ಎದೆ ಮತ್ತು ಬೆನ್ನಿನ ನಡುವೆ ಪಕ್ಕೆಲುಬಿನ ಒಂದು ಗೂಡು ಕೂರಬೇಕು. ಅದನ್ನು ಪರೀಕ್ಷಿಸುವುದು ಸುಲಭ. ಚಿತ್ರದ ಮೇಲೆ ತೆಳು ಕಾಗದ ಇಟ್ಟು ಎದೆಗೂಡಿಗೆ ಒಂದು ಮೊಟ್ಟೆ, ಸೊಂಟಕ್ಕೆ ಒಂದು ಬೋಗುಣಿ ಬರೆದು ನೋಡಿ. ಮೊಟ್ಟೆ ಹಿಡಿಯದಿದ್ದರೆ ದೇಹ ಚಪ್ಪಟೆ. ಇನ್ನು ತೊಡೆ ಮೇಜಿನ ಕೆಳಗೆ ಮರೆಯಾಗಿದ್ದರೂ ಅದು ಎಲ್ಲಿ ಕೊನೆಯಾಗುತ್ತದೆ ಅಂತ ಬರೆಯುವವನಿಗೆ ಗೊತ್ತಿರಬೇಕು. ಮರೆಯಾದ ಮಂಡಿಗೂ ಒಂದು ಜಾಗ ಬೇಕಲ್ವಾ?

ತೋಳಿನ ಪ್ರಶ್ನೆ ಅಳತೆಯದು. ನೆಟ್ಟಗೆ ನಿಂತು ತೋಳು ಇಳಿಬಿಟ್ಟರೆ ಮೊಣಕೈ ಸುಮಾರು ಹೊಕ್ಕುಳದ ಮಟ್ಟಕ್ಕೆ ಬರುತ್ತದೆ, ಮಣಿಕಟ್ಟು ತೊಡೆಸಂದಿನ ಮಟ್ಟಕ್ಕೆ, ಬೆರಳ ತುದಿ ತೊಡೆಯ ನಡುವಿಗೆ. ಅಂಗೈಯನ್ನು ಮುಖಕ್ಕೆ ಇಟ್ಟರೆ ಗದ್ದದಿಂದ ಕೂದಲು ಶುರುವಾಗುವ ತನಕ ಮುಚ್ಚುತ್ತದೆ. ಕೂತವನ ತಲೆಯ ನೆತ್ತಿಯಿಂದ ಆಸನದವರೆಗೆ ಸುಮಾರು ನಾಲ್ಕು ತಲೆ. ಇವು ಕಲಿಯುವ ಎಲ್ಲರಿಗೂ ಗೊತ್ತು. ಕಷ್ಟ ಬರುವುದು ತೋಳು ನಮ್ಮ ಕಡೆಗೆ ಚಾಚಿದಾಗ. ಆಗ ಅದು ನಿಜಕ್ಕೂ ಗಿಡ್ಡ ಕಾಣುತ್ತದೆ, ಅಳತೆ ಕೆಲಸಕ್ಕೆ ಬರುವುದಿಲ್ಲ. ಹಾಗಾದರೆ ಗಿಡ್ಡ ಕಾಣುವ ತೋಳು ಸರಿಯೋ ತಪ್ಪೋ ಹೇಗೆ ಗೊತ್ತಾಗಬೇಕು? ತೋಳನ್ನು ನೋಡಬೇಡಿ, ತೋಳು ಮತ್ತು ಮೈಯ ನಡುವಿನ ಖಾಲಿ ಜಾಗ ನೋಡಿ. ಆ ಖಾಲಿಯ ಆಕಾರ ಎದುರಿಗೆ ಕಾಣುವ ಹಾಗೇ ಬಂದಿದ್ದರೆ ತೋಳು ಸರಿ. ಖಾಲಿ ಜಾಗದ ಬಗ್ಗೆ ನಮ್ಮ ಮನಸ್ಸಿಗೆ ಮೊದಲೇ ಯಾವ ಕಲ್ಪನೆಯೂ ಇರುವುದಿಲ್ಲ. ಅದಕ್ಕೇ ಅಲ್ಲಿ ಕಣ್ಣು ಮೋಸ ಹೋಗುವುದು ಕಡಿಮೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಕಾಫಿ ಪಾತ್ರೆಯದು. ನಿಂತಿಲ್ಲ, ಹಿಡಿದಿಲ್ಲ, ಏನು ಮಾಡುತ್ತಿದೆ? ಭಾರ ಎಲ್ಲಿ ಹೋಗುತ್ತಿದೆ ಅಂತ ಕೇಳುವ ಪ್ರಶ್ನೆ ಇದು. ತುಂಬಿದ ಪಾತ್ರೆಯನ್ನು ಎತ್ತಿದ ಕೈಯಲ್ಲಿ ಮಣಿಕಟ್ಟು ಬಿಗಿಯುತ್ತದೆ, ಮೊಣಕೈ ಮೈಗೆ ಹತ್ತಿರ ಬರುತ್ತದೆ, ಆ ಕಡೆಯ ಭುಜ ಸ್ವಲ್ಪ ಇಳಿಯುತ್ತದೆ. ಬೆರಳು ಹಿಡಿಯ ಮೇಲೆ ಸುಮ್ನೆ ಮಲಗಿದ್ದರೆ ಪಾತ್ರೆ ಬೀಳುತ್ತದೆ. ಇದಕ್ಕೆ ಕಾಗದದ ಮೇಲಿನ ಪರೀಕ್ಷೆ ಸಾಲದು. ಎದ್ದು ಅಡುಗೆಮನೆಗೆ ಹೋಗಿ ನೀರು ತುಂಬಿದ ಒಂದು ತಂಬಿಗೆ ಎತ್ತಿ ಹಿಡಿದು ನೋಡಬೇಕು. ಎಲ್ಲಿ ನೋವಾಗುತ್ತದೋ ಅಲ್ಲಿ ಗೆರೆ ಗಟ್ಟಿಯಾಗಬೇಕು.

ಹೋದ ವರ್ಷ ನಾನು ಹೂ ಕಟ್ಟುವ ಒಬ್ಬ ಅಜ್ಜಿಯನ್ನು ಬರೆದಿದ್ದೆ. ಮುಖ, ಬೆರಳು, ಸೀರೆಯ ಮಡಿಕೆ ಎಲ್ಲ ಮನಸ್ಸಿಟ್ಟು ಮಾಡಿದ್ದೆ. ತುಂಬ ಜನ ಚೆನ್ನಾಗಿದೆ ಅಂದರು. ಆ ಮಾತಿನಿಂದ ನನಗೆ ಮುಂದಿನ ಚಿತ್ರಕ್ಕೆ ಏನೂ ಸಿಗಲಿಲ್ಲ. ನಮ್ಮ ಗುಂಪಿನ ಒಬ್ಬರು ಮಾತ್ರ ಬಹಳ ಹೊತ್ತು ನೋಡಿ ಕೇಳಿದರು: ಅಜ್ಜಿ ಯಾವುದರ ಮೇಲೆ ಕೂತಿದ್ದಾರೆ? ನನಗೆ ಉತ್ತರ ಗೊತ್ತಿತ್ತು, ಅವರು ಒಂದು ಮಣೆಯ ಮೇಲೆ ಕೂತಿದ್ದರು. ಚಿತ್ರಕ್ಕೆ ಗೊತ್ತಿರಲಿಲ್ಲ. ಸೀರೆಯ ಅಂಚಿನ ಕೆಳಗೆ ಭಾರವೇ ಇರಲಿಲ್ಲ. ಆ ದಿನ ಮನೆಗೆ ಬಂದು ರಪ್ಪಾರ್ಡ್‌ನ ಪತ್ರವನ್ನು ಮತ್ತೆ ಓದಿದೆ. ಅಲ್ಲೂ ಅದೇ ಪ್ರಶ್ನೆ. ಅಂದಿನಿಂದ ಬರೆದು ಮುಗಿಸಿದ ಮೇಲೆ ಸಹಿ ಹಾಕುವ ಮೊದಲು ಹಾಳೆಯನ್ನು ಕನ್ನಡಿಗೆ ಹಿಡಿಯುತ್ತೇನೆ. ಎಡ ಬಲ ಬದಲಾದಾಗ ನನ್ನದೇ ಚಿತ್ರ ಬೇರೆಯವರದ್ದಾಗಿ ಕಾಣುತ್ತದೆ, ವಾಲಿದ ತಲೆ, ಏರಿದ ಭುಜ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಆಮೇಲೆ ಯಾವುದರ ಮೇಲೆ ಕೂತಿದ್ದಾರೆ, ಏನನ್ನು ಹಿಡಿದಿದ್ದಾರೆ ಎಂದು ಜೋರಾಗಿ ಕೇಳಿಕೊಳ್ಳುತ್ತೇನೆ.

ರಪ್ಪಾರ್ಡ್ ಒಂದು ಕಡೆ ಎಡವಿದ. ಆ ಚಿತ್ರ ಏನು ಹೇಳಲು ಹೊರಟಿದೆ ಅಂತ ಅವನು ಒಮ್ಮೆಯೂ ಕೇಳಲಿಲ್ಲ. ತಟ್ಟೆಗೆ ಚಾಚಿದ ಕೈಗಳೇ ನೆಲ ಅಗೆದ ಕೈಗಳು, ಆ ಊಟ ಅವರು ದುಡಿದು ಗಳಿಸಿದ್ದು ಅಂತ ತೋರಿಸಬೇಕೆನ್ನುವುದು ವಿನ್ಸೆಂಟ್‌ನ ಆಸೆ. ಮುಖಗಳಿಗೆ ಸಿಪ್ಪೆ ಸುಲಿಯದ, ಧೂಳು ಮೆತ್ತಿದ ಆಲೂಗಡ್ಡೆಯ ಬಣ್ಣ ಕೊಟ್ಟದ್ದು ಅದಕ್ಕೇ. ಆಸೆ ಏನೆಂದು ತಿಳಿದು ಪ್ರಶ್ನೆ ಕೇಳಿದ್ದರೆ ಅದೇ ಪತ್ರ ಬೇರೆ ಥರ ಮುಟ್ಟುತ್ತಿತ್ತು. ದುಡಿದ ಕೈ ಅಂತ ತೋರಿಸಬೇಕು ಅಂದೆಯಲ್ಲ, ಹಾಗಾದರೆ ಆ ಕೈ ಪಾತ್ರೆಯನ್ನು ಯಾಕೆ ಗಟ್ಟಿಯಾಗಿ ಹಿಡಿದಿಲ್ಲ? ಹೀಗೆ ಕೇಳಿದ್ದರೆ ವಿನ್ಸೆಂಟ್ ವಾಪಸು ಕಳಿಸುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಬಾಯಿ ಹೇಳಿದ್ದು

ಬೇಸಿಗೆಯಲ್ಲಿ ಇಬ್ಬರ ನಡುವೆ ಮತ್ತಷ್ಟು ಪತ್ರ ಓಡಾಡಿದವು. ವಿನ್ಸೆಂಟ್‌ದು ಉದ್ದನೆಯವು. ಕಲ್ಲಚ್ಚು ನೆನಪಿನಿಂದ ಒಂದೇ ದಿನದಲ್ಲಿ ಮಾಡಿದ್ದು ಅಂತ ಹೇಳಿದ. ಬರೀ ತಾಂತ್ರಿಕ ನಯದಿಂದ ಚಿತ್ರವಾಗುವುದಿಲ್ಲ ಅಂತ ವಾದಿಸಿದ. ಆ ಪತ್ರವನ್ನು ನೀನೇ ಹಿಂತೆಗೆದುಕೋ ಅಂದ. ಸೆಪ್ಟೆಂಬರ್ ಹೊತ್ತಿಗೆ ಐದು ವರ್ಷದ ಗೆಳೆತನ ಮುಗಿದೇಹೋಯಿತು. ರಪ್ಪಾರ್ಡ್ 1892ರಲ್ಲಿ, 33ನೇ ವಯಸ್ಸಿನಲ್ಲಿ ತೀರಿಕೊಂಡ. ಇದನ್ನು ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ. ಇಬ್ಬರಿಗೂ ಇನ್ನೊಬ್ಬರು ಅಷ್ಟು ಗಮನ ಕೊಟ್ಟು ನೋಡುವವರು ಹೆಚ್ಚು ಇರಲಿಲ್ಲ.

ಅದೇ ತಿಂಗಳುಗಳಲ್ಲಿ ಇನ್ನೊಂದು ಟೀಕೆ ಬಂತು. ಪ್ಯಾರಿಸ್‌ನಲ್ಲಿ ಸೆರ್ರೆ ಎಂಬ ಹಿರಿಯ ಚಿತ್ರಕಾರ ಆ ಚಿತ್ರ ನೋಡಿ ದೇಹಗಳ ಕಟ್ಟಿನಲ್ಲಿ ದೋಷ ಇದೆ ಅಂದದ್ದನ್ನು ಥಿಯೋ ತಿಳಿಸಿದ. ಮೂಲದಲ್ಲಿ ರಪ್ಪಾರ್ಡ್ ಹೇಳಿದ್ದೇ. ಆದರೆ ಇದು ಕೇಳಿ ವಿನ್ಸೆಂಟ್ ಸಿಡುಕಲಿಲ್ಲ. ಜುಲೈನಲ್ಲಿ ಬರೆದ ಉತ್ತರ ಹೆಸರುವಾಸಿಯಾಗಿದೆ. ನನ್ನ ದೇಹಗಳು ಅಕಾಡೆಮಿಯ ಅರ್ಥದಲ್ಲಿ ಸರಿಯಾಗಿದ್ದರೆ ನಾನು ಹತಾಶನಾಗುತ್ತಿದ್ದೆ. ನೆಲ ಅಗೆಯುವವನ ಫೋಟೋ ತೆಗೆದರೆ ಅದರಲ್ಲಿ ಅವನು ಅಗೆಯುತ್ತಿರುವುದಿಲ್ಲ. ಅಕ್ಷರಶಃ ನಿಜಕ್ಕಿಂತ ಹೆಚ್ಚು ನಿಜವಾಗುವಂಥ ತಪ್ಪುಗಳನ್ನು, ಬದಲಾವಣೆಗಳನ್ನು, ಬೇಕಾದರೆ ಸುಳ್ಳು ಅನ್ನಿ, ಮಾಡಲು ಕಲಿಯಬೇಕೆನ್ನುವುದೇ ನನ್ನ ಹಂಬಲ.

ಈ ಮಾತನ್ನು ಎಷ್ಟೋ ಜನ ಗುರಾಣಿಯಾಗಿ ಹಿಡಿಯುತ್ತಾರೆ. ತೋಳು ಗಿಡ್ಡವಾದರೆ ಅದು ನನ್ನ ಶೈಲಿ ಅನ್ನುತ್ತಾರೆ. ಅವನು ಬಳಸಿದ ಪದ ಗಮನಿಸಿ. ಕಲಿಯಬೇಕು ಅಂದ. ಬೇಕೆಂದೇ ಮಾಡಿದ ತಪ್ಪಿಗೂ ಗೊತ್ತಿಲ್ಲದೆ ಆದ ತಪ್ಪಿಗೂ ನಡುವೆ ಒಂದು ಸರಳ ಪರೀಕ್ಷೆ ಇದೆ. ಅದನ್ನು ಬೇಕೆಂದಾಗ ಸರಿಯಾಗಿ ಬರೆದು ತೋರಿಸಬಲ್ಲಿರಾ? ಕಲ್ಲಚ್ಚಿನ ಆ ಗಿಡ್ಡ ತೋಳು ಈ ಪರೀಕ್ಷೆಯಲ್ಲಿ ಉಳಿಯುವುದಿಲ್ಲ. ಅದು ಹೆಚ್ಚು ನಿಜ ಹೇಳುವ ಸುಳ್ಳಲ್ಲ, ಅವಸರ.

ಕೈ ಮಾಡಿದ್ದು

ಈಗ ಆ ಬೇಸಿಗೆಯ ಹಾಳೆಗಳಿಗೆ ಬನ್ನಿ. ಬಾಯಿ ವಾದ ಮಾಡುತ್ತಿದ್ದ ಅದೇ ವಾರಗಳಲ್ಲಿ ಅವನು ಹೊಲಕ್ಕೆ ಹೋಗಿ ದೊಡ್ಡ ದೊಡ್ಡ ಹಾಳೆಗಳ ಮೇಲೆ ಕಪ್ಪು ಸೀಮೆಸುಣ್ಣದಲ್ಲಿ ಇಡೀ ದೇಹಗಳನ್ನು ಬರೆಯುತ್ತಿದ್ದ. ಬರೀ ತಲೆಗಳಲ್ಲ. ಗೋಧಿ ಕೊಯ್ಯುವವನು, ಹೊರೆ ಕಟ್ಟುವವಳು, ಹಕ್ಕಲು ಆಯುವವಳು, ಗುದ್ದಲಿ ಎತ್ತಿದವನು. ಹಿಂದಿನಿಂದ, ಪಕ್ಕದಿಂದ, ಮೇಲಿನಿಂದ. ಕೆಲವರನ್ನು ಬೆನ್ನು ಪೂರ್ತಿ ಬಗ್ಗಿಸಿದಾಗ ಹಿಂದಿನಿಂದ ನೋಡಿ ಬರೆದ. ಅಲ್ಲಿ ಮುಖವೇ ಕಾಣುವುದಿಲ್ಲ. ಮುಖದ ಆಸರೆಯನ್ನೇ ಕಿತ್ತುಹಾಕಿ ಬರೆಯುವುದು. ಸೊಂಟ, ತೊಡೆ, ಬಗ್ಗಿದ ಬೆನ್ನು ಮಾತ್ರ ಮಾತಾಡಬೇಕು.

ಬರೆಯುವ ರೀತಿಯೂ ಬದಲಾಯಿತು. ಫ್ರೆಂಚ್ ಚಿತ್ರಕಾರ ದೆಲಾಕ್ರುವಾನ ಬಗ್ಗೆ ಆ ದಿನಗಳಲ್ಲಿ ಓದಿದ್ದ ಒಂದು ವಿಷಯ ಅವನ ತಲೆಗೆ ಹಿಡಿಸಿತ್ತು. ಹೊರಗೆರೆಯಿಂದ ಶುರು ಮಾಡಬೇಡ, ದೇಹದ ನಡುಭಾಗದ ಉಂಡೆಗಳಿಂದ, ಮೊಟ್ಟೆಯಾಕಾರಗಳಿಂದ ಕಟ್ಟುತ್ತ ಬಾ ಅನ್ನುವ ವಿಧಾನ. ಬೊರಿನಾಜ್‌ನಲ್ಲಿ ಬಾರ್ಗ್‌ನ ಹಾಳೆಗಳಿಂದ ಕಲಿತದ್ದು ಹೊರಗೆರೆ. ಈಗ ಅದರ ಉಲ್ಟಾ. ಈ ಬೇಸಿಗೆಯ ಚಿತ್ರಗಳನ್ನು ನೋಡಿದರೆ ಲಂಗದ ಕೆಳಗೆ ದುಂಡನೆಯ ತೊಡೆ ಇದೆ, ಅಂಗಿಯ ಒಳಗೆ ಪಕ್ಕೆಲುಬಿನ ಗೂಡು ಇದೆ. ಭಾರ ಪಾದದ ಮೂಲಕ ನೆಲಕ್ಕೆ ಇಳಿಯುತ್ತದೆ. ಗುದ್ದಲಿ ಹಿಡಿದ ಕೈ ಗುದ್ದಲಿಯನ್ನು ನಿಜವಾಗಿ ಹಿಡಿದಿದೆ.

ಮಂಡಿ, ಹೊಟ್ಟೆ, ಶ್ವಾಸಕೋಶ. ರಪ್ಪಾರ್ಡ್ ಕೇಳಿದ ಒಂದೊಂದಕ್ಕೂ ಇಲ್ಲಿ ಉತ್ತರ ಇದೆ. ಪತ್ರವೊಂದೇ ಇದಕ್ಕೆ ಕಾರಣ ಅಂತ ನಾನು ಹೇಳಲಾರೆ. ಸೆರ್ರೆಯ ಮಾತಿತ್ತು, ಆ ಓದು ಇತ್ತು, ಎದುರಿಗೆ ಕೊಯ್ಲಿನ ಹೊಲವಿತ್ತು. ಆದರೆ ಯಾವ ಕೊರತೆ ಅಂತ ಬೊಟ್ಟು ಮಾಡಿ ತೋರಿಸಿದ್ದು ಆ ಪತ್ರ. ವಾಪಸು ಕಳಿಸಿದ ಪತ್ರದ ಪ್ರಶ್ನೆಗಳು ಅವನ ಹತ್ತಿರವೇ ಉಳಿದುಕೊಂಡವು.

ನವೆಂಬರ್ ಕೊನೆಗೆ ಅವನು ಆಂಟ್‌ವರ್ಪ್‌ಗೆ ಹೋದ. 1886ರ ಜನವರಿಯಲ್ಲಿ ಅಲ್ಲಿನ ಅಕಾಡೆಮಿಗೆ ಸೇರಿದ. ನಾಲ್ಕು ವರ್ಷದ ಹಿಂದೆ ಪ್ಲಾಸ್ಟರ್ ಅಚ್ಚುಗಳನ್ನು ಒಡೆದುಹಾಕಿದ್ದವನು ಈಗ ತಾನಾಗಿ ಹೋಗಿ ಅವುಗಳ ಎದುರು ಕೂತ. ಪ್ರಾಚೀನರಿಗೆ ದೇಹ ಎಷ್ಟು ಚೆನ್ನಾಗಿ ಗೊತ್ತಿತ್ತು ಅಂತ ಬೆರಗಾಗಿ ತಮ್ಮನಿಗೆ ಬರೆದ. ಅಲ್ಲಿನ ಗುರುಗಳ ಜೊತೆ ಹೊಂದಾಣಿಕೆ ಆಗಲಿಲ್ಲ. ಅವನು ಹೊರಟುಹೋದ ಮೇಲೆ, ಮಾರ್ಚ್ ಕೊನೆಯಲ್ಲಿ, ಅಕಾಡೆಮಿ ಅವನನ್ನು ಮೊದಲ ತರಗತಿಗೆ ಇಳಿಸಲು ತೀರ್ಮಾನಿಸಿತು. ಪ್ಯಾರಿಸ್‌ನಲ್ಲಿ ಕೊರ್ಮೊನ್ ಎಂಬುವರ ಸ್ಟುಡಿಯೋದಲ್ಲಿ ಮೂರು ನಾಲ್ಕು ತಿಂಗಳು ಬರೆದ. ಅಂದುಕೊಂಡಷ್ಟು ಉಪಯೋಗವಾಗಲಿಲ್ಲ ಅಂತ ಆಮೇಲೆ ಹೇಳಿದ.

ಆಲೂಗಡ್ಡೆ ತಿನ್ನುವವರ ಚಿತ್ರವನ್ನು ಮಾತ್ರ ಅವನು ಬಿಟ್ಟುಕೊಡಲಿಲ್ಲ. 1887ರಲ್ಲಿ ತಂಗಿ ವಿಲ್‌ಗೆ ಬರೆಯುತ್ತ, ನನ್ನ ಕೆಲಸದಲ್ಲಿ ಕೊನೆಗೂ ಅದೇ ಅತ್ಯುತ್ತಮ ಅಂದ. ನಾನೂ ಆ ಮಾತನ್ನು ಒಪ್ಪುವವರ ಸಾಲಿನಲ್ಲಿದ್ದೇನೆ. ದೋಷಗಳ ಪಟ್ಟಿ ಕೈಯಲ್ಲಿ ಹಿಡಿದು ನೋಡಿದರೂ ಆ ದೀಪದ ಕೆಳಗಿನ ಮೌನ ನನ್ನನ್ನು ಬಿಡುವುದಿಲ್ಲ.

1890ರ ಏಪ್ರಿಲ್‌ನಲ್ಲಿ, ಸೇಂಟ್ ರೆಮಿಯ ಆಸ್ಪತ್ರೆಯಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ, ಆ ಚಿತ್ರವನ್ನು ಮತ್ತೆ ಬರೆಯುವ ಯೋಚನೆ ಬಂತು. ನೆನಪಿನಿಂದ ಬರೆಯಬಲ್ಲೆ ಅನ್ನುವ ಧೈರ್ಯ ಅವನಿಗಿತ್ತು. ಆದರೂ ನ್ಯೂನೆನ್ ಕಾಲದ ಹಳೆಯ ದೇಹದ ಚಿತ್ರಗಳಿದ್ದರೆ ಕಳಿಸು ಅಂತ ಥಿಯೋಗೆ ಬರೆದ. ಮೇ ತಿಂಗಳಲ್ಲಿ ಓವರ್ ಹಳ್ಳಿಗೆ ಬಂದ. ಜೂನ್ ಮೊದಲ ವಾರ ಥಿಯೋಗೆ ಇನ್ನೊಂದು ಕೋರಿಕೆ ಕಳಿಸಿದ. ಬಾರ್ಗ್‌ನ ಆ ಇದ್ದಿಲ ಅಭ್ಯಾಸದ ಹಾಳೆಗಳು ಬೇಕು, ಅರವತ್ತನ್ನೂ ಇನ್ನೊಮ್ಮೆ ನಕಲು ಮಾಡಬೇಕು, ಒಂದು ತಿಂಗಳಲ್ಲಿ ಮುಗಿಸಬಹುದು. ದೇಹದ ಅಳತೆಯ ಅಭ್ಯಾಸ ಬಿಟ್ಟುಬಿಟ್ಟರೆ ಮುಂದೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತೇನೆ ಅಂತ ಕಾರಣ ಕೊಟ್ಟ. ಆಗ ಅವನಿಗೆ 37 ವರ್ಷ. ಜುಲೈ 29ಕ್ಕೆ ತೀರಿಕೊಂಡ.